ಬೈಕಿನ ಮೇಲೆ ಬಾವುಟ ಇದೆ, ತಲೆಯ ಮೇಲೆ ಏನಿದೆ?

ಭಾನುವಾರ ಬೆಳಗಿನ ಜಾವ ಐದು ಗಂಟೆಗೆ ಬೆಂಗಳೂರಿನಿಂದ ಹೊರಗೆ ಹೋಗುವ ಯಾವ ರಸ್ತೆಯಲ್ಲಾದರೂ ನಿಂತು ನೋಡಿ. ನೆಲಮಂಗಲದ ಕಡೆ, ದೇವನಹಳ್ಳಿ ಕಡೆ, ಕನಕಪುರದ ಕಡೆ ಹತ್ತು, ಹದಿನೈದು, ಇಪ್ಪತ್ತು ಬೈಕುಗಳ ಹಿಂಡು. ಎಲ್ಲಿಗೆ? ಬಿಡದಿಗೆ ತಟ್ಟೆ ಇಡ್ಲಿ ತಿನ್ನೋಕೆ, ನಂದಿ ಬೆಟ್ಟಕ್ಕೆ ಸೂರ್ಯ ಹುಟ್ಟೋದು ನೋಡೋಕೆ, ಇನ್ನೂ ಪುರುಸೊತ್ತಿದ್ದರೆ ಸಕಲೇಶಪುರಕ್ಕೆ. ಹೋಗಿ ಬನ್ನಿ, ತಪ್ಪೇನಿಲ್ಲ. ವಾರವೆಲ್ಲ ಟ್ರಾಫಿಕ್ಕಿನಲ್ಲಿ ಕ್ಲಚ್ಚು ಒತ್ತಿ ಒತ್ತಿ ಬೆರಳು ಸವೆದವರು ಒಂದು ದಿನ ಗಾಳಿಗೆ ಮುಖ ಒಡ್ಡಿದರೆ ಯಾರಪ್ಪನ ಗಂಟು ಹೋಗುತ್ತೆ?

ನಾನೇನೂ ಬೈಕಿನ ಮೇಲೆ ಮುನಿಸಿಕೊಂಡ ಮುದುಕನಲ್ಲ. ಚಾಮರಾಜಪೇಟೆಯಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸ್ತೀನಿ, ನಲವತ್ತು ದಾಟಿದೆ, ಓದಿದ್ದು ಪಿಯುಸಿ. ನಮ್ಮ ತಂದೆಯ ಯೆಜ್ಡಿ ಇವತ್ತಿಗೂ ಪ್ರೆಸ್ಸಿನ ಬಾಗಿಲಲ್ಲೇ ನಿಂತಿದೆ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು, 1996ರಲ್ಲಿ ಬಾಗಿಲು ಹಾಕಿತಲ್ಲ, ಅದೇ. ಒದ್ದರೆ ಈಗಲೂ ಸ್ಟಾರ್ಟ್ ಆಗುತ್ತೆ. ಹಾಗಾಗಿ ಬೈಕಿನ ಹುಚ್ಚು ಏನು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ಪ್ರೆಸ್ಸಿನವನಿಗೆ ಒಂದು ಶಾಪ ಇದೆ. ಊರಿನ ಸುಖ ದುಃಖ ಎರಡೂ ಮೊದಲು ಅವನ ಟೇಬಲ್ಲಿಗೇ ಬರುತ್ತವೆ. ಹೋದ ವರ್ಷ ಏಳೆಂಟು ಹುಡುಗರು ಬಂದು ತಮ್ಮ ರೈಡಿಂಗ್ ತಂಡದ ಸ್ಟಿಕ್ಕರ್ ಮಾಡಿಸಿಕೊಂಡು ಹೋದರು. ಹುಲಿ ಮುಖ, ಹಳದಿ ಕೆಂಪು ಬಣ್ಣ, ಕೆಳಗೆ ಕನ್ನಡದಲ್ಲೇ ತಂಡದ ಹೆಸರು. ಪ್ರೂಫ್ ನೋಡಿ ಒತ್ತಕ್ಷರ ತಪ್ಪಾಗಿದೆ ಅಂತ ತಿದ್ದಿಸಿದವನು ಅವರಲ್ಲೇ ಚಿಕ್ಕವನು. ಎರಡು ತಿಂಗಳಾಗಿರಲಿಲ್ಲ, ಅದೇ ಹುಡುಗರು ಒಬ್ಬ ಕಡಿಮೆಯಾಗಿ ಮತ್ತೆ ಬಂದರು. ಈ ಸಲ ಶ್ರದ್ಧಾಂಜಲಿ ಕಾರ್ಡು. ಫೋಟೋ ಬೇಕಲ್ಲಪ್ಪ ಅಂದರೆ ಮೊಬೈಲಿನಿಂದ ತೆಗೆದುಕೊಟ್ಟರು. ಬೈಕಿನ ಮೇಲೆ ಕೂತ ಫೋಟೋ, ಪೆಟ್ರೋಲ್ ಟ್ಯಾಂಕಿನ ಮೇಲೆ ನಾನು ಒತ್ತಿಕೊಟ್ಟ ಹುಲಿ. ಬೈಕು ಕತ್ತರಿಸಿ ಮುಖ ಮಾತ್ರ ಇಡಿ ಅಂತ ಹುಡುಗನ ಮಾವ ಹೇಳಿದರು.

ಹೇಗಾಯಿತು ಅಂತ ಕೇಳಿದೆ. ಆ ಹುಡುಗರು ಹೇಳಿದ್ದನ್ನೇ ನಿಮಗೆ ಹೇಳಬೇಕು, ಯಾಕೆಂದರೆ ಗುಂಪಿನಲ್ಲಿ ಆಗುವ ಅಪಘಾತದ ಗುಟ್ಟು ಅದರಲ್ಲಿದೆ. ಮುಂದೆ ಒಂದು ಲಾರಿ. ಮೊದಲನೆಯವನು ಎದುರು ರಸ್ತೆ ಖಾಲಿ ಇದೆ ಅಂತ ನೋಡಿ ಹಿಂದಿಕ್ಕಿದ. ಎರಡನೆಯವನು ನೋಡಿ ಹೋದ. ಮೂರನೆಯವನು ಅರ್ಧ ನೋಡಿದ. ನಾಲ್ಕನೆಯವನು ನೋಡಲೇ ಇಲ್ಲ, ಮುಂದಿನವನು ಹೋದನಲ್ಲ, ನಾನೂ ಹೋಗಬಹುದು ಅಂತ ಹೊರಟ. ಅಷ್ಟರಲ್ಲಿ ಎದುರಿನಿಂದ ವಾಹನ. ನಾಲ್ಕನೆಯವನೇ ಆ ಒತ್ತಕ್ಷರದ ಹುಡುಗ.

ತಿಳಿಯಿತೇ? ಅವನು ಕುಡಿದಿರಲಿಲ್ಲ, ವೀಲಿಂಗ್ ಮಾಡಿರಲಿಲ್ಲ. ಗೆಳೆಯನ ಕಣ್ಣಿನಿಂದ ರಸ್ತೆ ನೋಡಿದ, ಅಷ್ಟೇ. ಒಬ್ಬನೇ ಹೋಗಿದ್ದರೆ ಆ ಲಾರಿಯ ಹಿಂದೆ ಇನ್ನೊಂದು ನಿಮಿಷ ಸುಮ್ಮನೆ ಬರುತ್ತಿದ್ದ. ಗುಂಪು ಅಂದಾಗ ಹಿಂದೆ ಬೀಳೋದೇ ಅವಮಾನ ಅನ್ನಿಸಿಬಿಡುತ್ತೆ. ಮುಂದಿನವನು ಗಂಟೆಗೆ ಎಂಬತ್ತರಲ್ಲಿ ಹೋಗುತ್ತಿದ್ದರೆ, ಸಿಗ್ನಲ್ಲಿನಲ್ಲೋ ಟೋಲಿನಲ್ಲೋ ಹಿಂದೆ ಉಳಿದ ಕೊನೆಯವನು ಅವನನ್ನು ಹಿಡಿಯೋಕೆ ನೂರಕ್ಕೆ ತಿರುವಲೇಬೇಕು. ಅಂದರೆ ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ಓಡಿಸುವವನು ಯಾರು? ಎಲ್ಲರಿಗಿಂತ ಕಡಿಮೆ ಅನುಭವದವನು! ಚಿಕ್ಕ ಬೈಕಿನವನು, ಮೊನ್ನೆ ಮೊನ್ನೆ ಲೈಸೆನ್ಸ್ ತೆಗೆದವನು. ಅದಕ್ಕೇ ತಿಳಿದವರು ಹೊಸಬನನ್ನು ಮುಂದಾಳಿನ ಬೆನ್ನ ಹಿಂದೆಯೇ, ಎರಡನೆಯ ಜಾಗದಲ್ಲಿ ಇಟ್ಟುಕೊಳ್ಳುತ್ತಾರೆ. ಇಡೀ ಗುಂಪು ಅವನ ವೇಗಕ್ಕೆ ನಡೆಯುತ್ತೆ. ಕೊನೆಯಲ್ಲಿ ಪಳಗಿದವನೊಬ್ಬ ಇರುತ್ತಾನೆ. ನಮ್ಮ ಹುಡುಗರು ಮಾಡುವುದು ಸರಿಯಾಗಿ ಉಲ್ಟಾ. ದೊಡ್ಡ ಬೈಕು ಮುಂದೆ, ಪಾಪದವನು ಬಾಲದಲ್ಲಿ.

ಒಂದು ಸಣ್ಣ ಲೆಕ್ಕ ಮಾಡಿ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಮುಂದಿನವನು ಬ್ರೇಕ್ ಹಾಕಿದ್ದು ನಿಮ್ಮ ಕಣ್ಣಿಗೆ ಬಿದ್ದು, ಮಿದುಳಿಗೆ ಹೋಗಿ, ಬೆರಳಿಗೆ ಬರೋಕೆ ಒಂದು ಸೆಕೆಂಡು ಅಂತಿಟ್ಟುಕೊಳ್ಳಿ. ಬ್ರೇಕ್ ಮುಟ್ಟುವ ಮೊದಲೇ 22 ಮೀಟರ್ ಹೋಗಿರ್ತೀರಿ. ಎರಡು ಸೆಕೆಂಡಿನ ಅಂತರ ಬೇಕು ಅಂದರೆ 44 ಮೀಟರ್ ಬಿಡಬೇಕು. ನಮ್ಮವರು ಬಿಡುವುದು ಎಷ್ಟು? ಮುಂದಿನವನ ಜೊತೆ ಮಾತಾಡುವಷ್ಟು! ನೇರ ರಸ್ತೆಯಲ್ಲಿ ಒಬ್ಬ ಎಡಕ್ಕೆ, ಇನ್ನೊಬ್ಬ ಬಲಕ್ಕೆ, ಹೀಗೆ ಓರೆಯಾಗಿ ಹೋಗಬೇಕು. ತಿರುವು ಬಂದರೆ ಒಬ್ಬರ ಹಿಂದೆ ಒಬ್ಬರು. ಅಕ್ಕಪಕ್ಕ ಜೋಡಿಯಾಗಿ ಹೋಗುವುದು ಮದುವೆ ದಿಬ್ಬಣಕ್ಕೆ ಚೆಂದ. ಹೆದ್ದಾರಿಯಲ್ಲಿ ಗುಂಡಿ ಕಂಡರೆ ತಪ್ಪಿಸಿಕೊಳ್ಳೋಕೆ ಜಾಗವೆಲ್ಲಿ ಸ್ವಾಮಿ?

‘ನಾನು ಹತ್ತು ವರ್ಷದಿಂದ ಓಡಿಸ್ತಿದೀನಿ ಅಣ್ಣ, ನಂಗೇನಾಗಲ್ಲ’ ಅನ್ನುವವರು ಬಹಳ. ನಮ್ಮ ಕಸುಬಿನ ಮಾತು ಕೇಳಿ. ಪೇಪರ್ ಕತ್ತರಿಸುವ ಕಟಿಂಗ್ ಮಷೀನಿಗೆ ಎರಡು ಬಟನ್ ಇರುತ್ತೆ. ಎರಡೂ ಕೈಯಲ್ಲಿ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಬ್ಲೇಡು ಇಳಿಯುತ್ತೆ. ಕೈಗಳೆರಡೂ ಬಟನ್ ಮೇಲಿದ್ದರೆ ಬ್ಲೇಡಿನ ಕೆಳಗೆ ಹೋಗುವುದು ಹೇಗೆ? ಹೊಸ ಹುಡುಗ ಹೆದರಿ ಎರಡೂ ಒತ್ತುತ್ತಾನೆ. ಪಳಗಿದವನೇ ಒಂದು ಬಟನ್ನಿಗೆ ಟೇಪು ಸುತ್ತಿ ಒಂದೇ ಕೈಯಲ್ಲಿ ಕೆಲಸ ಮಾಡೋದು, ಬೇಗ ಆಗುತ್ತೆ ಅಂತ. ನಮ್ಮ ಬೀದಿಯಲ್ಲಿ ಬೆರಳು ಕಳೆದುಕೊಂಡ ಇಬ್ಬರನ್ನು ನಾನು ಬಲ್ಲೆ. ಇಬ್ಬರದೂ ಇಪ್ಪತ್ತು ವರ್ಷದ ಅನುಭವ.

2016ರ ಏಪ್ರಿಲ್‌ನಲ್ಲಿ ವೀಣು ಪಾಲಿವಾಲ್ ಅನ್ನುವ ಜೈಪುರದ ಹೆಣ್ಣುಮಗಳು, ದೇಶಕ್ಕೇ ಹೆಸರಾದ ಹಾರ್ಲೆ ಡೇವಿಡ್ಸನ್ ಸವಾರಿಣಿ, ಜೊತೆಗಾರನೊಂದಿಗೆ ಭಾರತ ಸುತ್ತಲು ಹೊರಟವರು, ಮಧ್ಯಪ್ರದೇಶದ ವಿದಿಶಾ ಜಿಲ್ಲೆಯಲ್ಲಿ ಬೈಕು ಜಾರಿ ಪ್ರಾಣ ಬಿಟ್ಟರು. ಆಕೆಗಿಂತ ಹೆಚ್ಚು ಓಡಿಸಿದವರು ನಮ್ಮಲ್ಲಿ ಎಷ್ಟು ಜನ?

ಇನ್ನು ಹೆಲ್ಮೆಟ್ಟಿನ ವಿಷಯ. ಹೇಳಿ ಹೇಳಿ ಪೊಲೀಸರಿಗೇ ಬೇಜಾರಾಗಿದೆ, ಆದರೂ ಕೇಳಿ. ಕೇಂದ್ರ ಸರ್ಕಾರದ್ದೇ ಲೆಕ್ಕ: 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ದ್ವಿಚಕ್ರದವರು 74,897. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂದೆ ಕೂತವರು! ಹಿಂದೆ ಕೂತವನಿಗೆ ಯಾಕೆ ಅನ್ನುವವರು ನಮ್ಮ ಸಂಚಾರಿ ವಿಜಯ್ ಅವರನ್ನು ನೆನಪಿಸಿಕೊಳ್ಳಿ. ‘ನಾನು ಅವನಲ್ಲ ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ತಂದ ಕನ್ನಡದ ನಟ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ಗೆಳೆಯನ ಬೈಕಿನ ಹಿಂದೆ ಕೂತು ಹೋಗುವಾಗ ಬಿದ್ದು ತಲೆಗೆ ಪೆಟ್ಟಾಯಿತು. ಮಿದುಳು ನಿಂತುಹೋಯಿತು. ಮನೆಯವರು ಅಂಗಾಂಗ ದಾನ ಮಾಡಿದರು. ನಮ್ಮ ರಾಜ್ಯದಲ್ಲಿ ಹಿಂಬದಿ ಸವಾರನಿಗೂ ಹೆಲ್ಮೆಟ್ ಕಡ್ಡಾಯ ಅಂತ 2016ರ ಜನವರಿಯಲ್ಲೇ ಬಿಗಿ ಮಾಡಿದ್ದರು, ಗೊತ್ತಿರಲಿ. ಫುಟ್‌ಪಾತಿನಲ್ಲಿ ಮಾರುವ ಅರ್ಧ ತೆಂಗಿನ ಚಿಪ್ಪಿನಂಥದ್ದು ಹೆಲ್ಮೆಟ್ ಅಲ್ಲ. ಐಎಸ್‌ಐ ಗುರುತು, ಅದರ ಮೇಲೆ ಐಎಸ್ 4151 ಅಂತ ಇರಬೇಕು. ಗಲ್ಲದ ಪಟ್ಟಿ ಹಾಕದಿದ್ದರೆ ಅದು ನಿಮಗಿಂತ ಮೊದಲು ಹಾರಿಹೋಗುತ್ತೆ.

ಅದೇ 2016ರ ಫೆಬ್ರವರಿಯಲ್ಲಿ ನೆಲಮಂಗಲದ ಹತ್ತಿರ ಲಾರಿಗೆ ಸಿಕ್ಕಿ ದೇಹ ಎರಡಾದ ಹರೀಶನನ್ನು ಮರೆಯೋಕಾಗುತ್ತಾ? ಬೈಕಿನಲ್ಲಿ ಬೆಂಗಳೂರಿಗೆ ವಾಪಸು ಬರುತ್ತಿದ್ದ ಗುಬ್ಬಿ ಕಡೆಯ ಹುಡುಗ. ಆ ಸ್ಥಿತಿಯಲ್ಲೂ ನನ್ನ ಅಂಗಾಂಗ ದಾನ ಮಾಡಿ ಅಂದ. ಹೆಲ್ಮೆಟ್ ಇದ್ದುದರಿಂದ ಕಣ್ಣುಗಳು ಉಳಿದಿದ್ದವು, ಬೇರೆಯವರಿಗೆ ಬೆಳಕಾದವು. ಅವನ ಹೆಸರಿನಲ್ಲೇ ಸರ್ಕಾರ ಮರುತಿಂಗಳು ಸಾಂತ್ವನ ಯೋಜನೆ ತಂದಿತು. ಆದರೆ ಅವನು ನೆಲದ ಮೇಲೆ ಬಿದ್ದು ಕೂಗುತ್ತಿದ್ದಾಗ ಸುತ್ತ ನಿಂತು ಮೊಬೈಲಿನಲ್ಲಿ ಚಿತ್ರ ಹಿಡಿದವರು ಎಷ್ಟು ಜನ ಇದ್ದರು ನೋಡಿ! ಸಹಾಯ ಮಾಡಿದವನನ್ನು ಕೇಸಿನಲ್ಲಿ ಎಳೆದಾಡುವ ಹಾಗಿಲ್ಲ ಅಂತ ಮೋಟಾರು ಕಾಯ್ದೆಗೆ 2019ರ ತಿದ್ದುಪಡಿಯಲ್ಲೇ ಸೇರಿಸಿದ್ದಾರೆ, 134ಎ. ಇನ್ನು ನೆಪ ಬೇಡ. 108ಕ್ಕೆ ಫೋನು ಮಾಡಿ. ಉಸಿರಾಡುತ್ತಿದ್ದರೆ ಹೆಲ್ಮೆಟ್ ಕಿತ್ತು ತೆಗೆಯಬೇಡಿ, ಕತ್ತು ಅಲುಗಿಸಬೇಡಿ, ಬಾಯಿಗೆ ನೀರು ಹೊಯ್ಯಬೇಡಿ, ಆಟೋದಲ್ಲಿ ಮಡಚಿ ತುಂಬಬೇಡಿ. ನಿಮ್ಮಲ್ಲಿಬ್ಬರು ಹಿಂದಕ್ಕೆ ಓಡಿ ಬರುವ ವಾಹನ ತಡೆಯಿರಿ.

ಸತ್ತವನು ಹೋದ, ಉಳಿದವನ ಕಥೆ ಯಾರೂ ಹೇಳಲ್ಲ. ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಬೀಳಿಸಿದರೆ, ಅವನು ಸತ್ತರೆ, ಓಡಿಸಿದವನೇ ಆರೋಪಿ. ಹಳೆಯ 304ಎನಲ್ಲಿ ಎರಡು ವರ್ಷದ ತನಕ ಶಿಕ್ಷೆ ಇತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯ 106ರಲ್ಲಿ ಅದು ಐದು ವರ್ಷದ ತನಕ. ಜೀವದ ಗೆಳೆಯನ ತಾಯಿ ಒಂದು ಕಡೆ, ನೀವು ಕಟಕಟೆಯ ಇನ್ನೊಂದು ಕಡೆ.

ವಿಮೆ ಇದೆಯಲ್ಲ ಅಂತೀರಾ? ಪಾಲಿಸಿ ಕಾಗದ ಓದಿದ್ದೀರಾ? ಓದೋದು ಹೇಗೆ! ನನ್ನ ಕೈಗೆ ಬಂದ ಪಾಲಿಸಿಗಳೆಲ್ಲ ಇಂಗ್ಲಿಷಿನಲ್ಲೇ ಇದ್ದವು, ಅದೂ ಇರುವೆ ಸಾಲಿನಂಥ ಅಕ್ಷರ. ಕನ್ನಡ ನಾಡಿನಲ್ಲಿ ಕನ್ನಡಿಗನ ಹತ್ತಿರ ಕಂತು ಕಟ್ಟಿಸಿಕೊಳ್ಳುವವರು ಷರತ್ತನ್ನು ಕನ್ನಡದಲ್ಲಿ ಕೊಡಬೇಕು ಅಂತ ಕೇಳುವುದು ಬೀದಿಗಿಳಿಯುವಷ್ಟೇ ದೊಡ್ಡ ಹೋರಾಟ. ಇಲ್ಲಿ ಕನ್ನಡದಲ್ಲೇ ಹೇಳ್ತೀನಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ನೀವು ಗುದ್ದಿದವರಿಗೆ, ನಿಮಗಲ್ಲ. ನಿಮ್ಮ ಜೀವಕ್ಕೆ ಅಂತ ಇರುವುದು 15 ಲಕ್ಷದ ಅಪಘಾತ ವಿಮೆ, ಅದೂ ಬೈಕು ನಿಮ್ಮ ಹೆಸರಿನಲ್ಲಿದ್ದು, ಲೈಸೆನ್ಸ್ ಚಾಲ್ತಿಯಲ್ಲಿದ್ದರೆ. ಗೆಳೆಯನ ಬೈಕು ಇಸಕೊಂಡು ಹೋದವನಿಗೆ ಅದು ಬರಲ್ಲ. 2014ರಲ್ಲಿ ಅರಸೀಕೆರೆ ಕಡೆ ಹೊರಟ ಕಾರೊಂದು ಅತಿವೇಗದಿಂದ ಉರುಳಿ ಓಡಿಸುತ್ತಿದ್ದವನೇ ಸತ್ತ. ಮನೆಯವರು 80 ಲಕ್ಷ ಕೇಳಿದರು. ನಮ್ಮ ಹೈಕೋರ್ಟು ಆಗಲ್ಲ ಅಂದಿತು, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ತನ್ನ ತಪ್ಪಿನಿಂದಲೇ ಸತ್ತವನ ಮನೆಯವರಿಗೆ ಕಾಸಿಲ್ಲ. ಬೈಕಿನ ಸಾಲದ ಕಂತು ಮಾತ್ರ ಅಪ್ಪನ ಹೆಗಲಿಗೆ.

ಈಗ ನಮ್ಮ ಮನೆಯ ಮಾತು. ನವೆಂಬರ್ 1 ಬಂತು ಅಂದರೆ ನಮ್ಮದೇ ಬೈಕ್ ರ‍್ಯಾಲಿಗಳು. ಅದೂ ಗುಂಪು ಸವಾರಿಯೇ ತಾನೆ? ಒಂದು ಬೈಕಿನಲ್ಲಿ ಮೂವರು, ನಡುವಿನವನ ಕೈಯಲ್ಲಿ ಎರಡಾಳುದ್ದದ ಬಾವುಟದ ಕೋಲು, ಕೊರಳಲ್ಲಿ ಹಳದಿ ಕೆಂಪು ಶಾಲು ಹಿಂದಿನ ಚಕ್ರದವರೆಗೂ ಜೋತಾಡುತ್ತಿರುತ್ತೆ. ಆ ಶಾಲು ಚೈನಿಗೆ ಸಿಕ್ಕಿಕೊಂಡರೆ ಏನಾಗುತ್ತೆ ಅಂತ ಯೋಚಿಸಿದ್ದೀರಾ? ತಲೆ ಮೇಲೆ ಹೆಲ್ಮೆಟ್ ಹಾಕಿದರೆ ಪೇಟ ಕಾಣಲ್ಲವಂತೆ! ‘ಕನ್ನಡಕ್ಕಾಗಿ ಪ್ರಾಣ ಕೊಡ್ತೀವಿ’ ಅಂತ ಕೂಗ್ತೀರಿ. ಸಿಗ್ನಲ್ ಹಾರಿ ಬಿಎಂಟಿಸಿ ಬಸ್ಸಿಗೆ ಗುದ್ದಿ ಕೊಡುವ ಪ್ರಾಣದಿಂದ ಕನ್ನಡಕ್ಕೆ ಏನು ಬಂತು? ಒಂದು ಬೋರ್ಡು ಕನ್ನಡವಾಯಿತೇ, ಒಬ್ಬನಿಗೆ ಕೆಲಸ ಸಿಕ್ಕಿತೇ? ನಮ್ಮ ಗುಂಪು ನೋಡಿ ಮೂಗು ಮುರಿಯುವವರಿಗೆ ಒಂದು ಮಾತು ಹೆಚ್ಚಾಯಿತು, ಅಷ್ಟೇ. ಮುನ್ನೂರು ಬೈಕು, ಮುನ್ನೂರು ಹೆಲ್ಮೆಟ್ಟು, ಇಬ್ಬಿಬ್ಬರೇ, ಸಾಲಾಗಿ ಆಂಬುಲೆನ್ಸಿಗೆ ದಾರಿ ಬಿಡುತ್ತಾ ಹೋದರೆ ಆ ಮೆರವಣಿಗೆಯನ್ನು ಬೆಂಗಳೂರು ನಿಂತು ನೋಡುತ್ತೆ. ಬಾವುಟವನ್ನು ಗಾಡಿಗೆ ಗಟ್ಟಿಯಾಗಿ ಕಟ್ಟಿ, ಚಿಕ್ಕ ಕೋಲು ಸಾಕು. ಸಂಘಟನೆಯ ಮುಖಂಡರು ತೆರೆದ ಜೀಪಿನಲ್ಲಿ ನಿಂತು ಕೈ ಬೀಸುವ ಬದಲು ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಬಂದು ಹೆಲ್ಮೆಟ್ ಇಲ್ಲದವರನ್ನು ಮನೆಗೆ ಕಳಿಸಲಿ. ಬೈದರೆ ಬೈಸಿಕೊಳ್ಳಲಿ.

ನನ್ನ ಕೈಲಾದದ್ದು ಒಂದಿದೆ. ಹೆಲ್ಮೆಟ್ಟಿನ ಒಳಗೂ ಬೈಕಿನ ಟ್ಯಾಂಕಿಗೂ ಅಂಟಿಸುವ ಚಿಕ್ಕ ಚೀಟಿ, ಪೂರ್ತಿ ಕನ್ನಡದಲ್ಲಿ: ಹೆಸರು, ರಕ್ತದ ಗುಂಪು, ಮನೆಯವರ ಫೋನ್ ನಂಬರ್, ಕೆಳಗೆ 108. ಹಿಂಭಾಗದಲ್ಲಿ ಮೇಲೆ ಹೇಳಿದ ಓರೆ ಸಾಲು, ಎರಡು ಸೆಕೆಂಡು, ಹೊಸಬ ಎರಡನೆಯ ಜಾಗದಲ್ಲಿ. ರ‍್ಯಾಲಿ ಮಾಡುವ ಯಾವ ಕನ್ನಡ ಸಂಘಕ್ಕಾದರೂ ಕಾಗದದ ಖರ್ಚಿಗಷ್ಟೇ ಒತ್ತಿಕೊಡ್ತೀನಿ, ಮಜೂರಿ ಬೇಡ. ಎಷ್ಟು ಬೇಕು ಅಂತ ಅಕ್ಟೋಬರ್ ಇಪ್ಪತ್ತರೊಳಗೆ ಹೇಳಿ, ಆಮೇಲೆ ಮಷೀನು ಕ್ಯಾಲೆಂಡರಿಗೆ ಕೂತುಬಿಡುತ್ತೆ.