ತಲ್ಲೀನತೆಗೆ ಅಂಕ ಕೊಡಬಹುದೇ?



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೌಬಾದದ ನಮ್ಮ ಮನೆಗೆ ಬಂದಿದ್ದ. ಈಗ ಅವನೇ ದೈಹಿಕ ಶಿಕ್ಷಣದ ಶಿಕ್ಷಕ. "ಗುರುಗಳೇ, ನಾಳೆ ವಾಕಿಂಗ್ ಮುಗಿಸಿ ಬಂದ ಕೂಡಲೇ ಇದನ್ನು ತುಂಬಿಕೊಡಿ" ಎಂದು ಒಂದು ಪ್ರಶ್ನಾವಳಿಯನ್ನು ಕೈಗಿತ್ತ. ವ್ಯಾಯಾಮದ ವೇಳೆ ಮನಸ್ಸು ಎಷ್ಟು ತಲ್ಲೀನವಾಗಿತ್ತು ಎಂಬುದನ್ನು ಅಳೆಯುವ ಪಟ್ಟಿ ಅದು.

ಈ ತಲ್ಲೀನತೆಯನ್ನು 'ಫ್ಲೋ', ಅಂದರೆ ಹರಿವು, ಎಂದು ಕರೆದವರು ಮನೋವಿಜ್ಞಾನಿ ಮಿಹಾಯ್ ಚಿಕ್ಸೆಂಟ್‌ಮಿಹಾಯಿ (1934–2021). ಜನರಿಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗಲೆಲ್ಲ ಆ ಕ್ಷಣದ ಅನುಭವವನ್ನು ಬರೆದಿಡಿ ಎನ್ನುವುದು ಅವರ ಒಂದು ವಿಧಾನವಾಗಿತ್ತು. ಆದರೆ ಓಡುತ್ತಿರುವವನನ್ನು ಹೀಗೆ ಕರೆದರೆ ತಲ್ಲೀನತೆಯೇ ಕದಡಿಹೋಗುತ್ತದೆ. 1996ರಲ್ಲಿ ಸೂಸನ್ ಜಾಕ್ಸನ್ ಮತ್ತು ಹರ್ಬರ್ಟ್ ಮಾರ್ಷ್ ಪ್ರಕಟಿಸಿದ ಮಾಪಕವನ್ನು ವ್ಯಾಯಾಮ ಮುಗಿದ ಮೇಲೆ ತುಂಬಬೇಕು. ಅದರಲ್ಲಿ 36 ಹೇಳಿಕೆಗಳು, 9 ಲಕ್ಷಣಗಳು. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಸವಾಲಿಗೂ ಸಾಮರ್ಥ್ಯಕ್ಕೂ ಹೊಂದಿಕೆ, ಸ್ಪಷ್ಟ ಗುರಿ, ಏಕಾಗ್ರತೆ, ಹೊತ್ತಿನ ಅರಿವು ಬದಲಾಗುವುದು ಇತ್ಯಾದಿ ಆ ಲಕ್ಷಣಗಳು.

ಮರುದಿನ ನಾನು ನಡೆದೆ. ಆದರೆ ಕಾಲು ನಡೆಯುತ್ತಿದ್ದರೆ ಮನಸ್ಸು ಅಂಕ ಹಾಕುತ್ತಿತ್ತು! ಅಂದು ತಲ್ಲೀನತೆ ಹತ್ತಿರವೂ ಸುಳಿಯಲಿಲ್ಲ. ನಮ್ಮ ನೌಬಾದದ ಬಹಮನಿ ಕಾಲದ ಸುರಂಗ ಬಾವಿ ನೆನಪಾಯಿತು. ನೀರು ನೆಲದೊಳಗೆ ಹರಿಯುತ್ತದೆ; ಮೇಲಿನ ಬಾವಿಗಳಿಂದ ಬಗ್ಗಿ ನೋಡಿದರೆ ಅಲ್ಲಲ್ಲಿ ಮಾತ್ರ ಕಾಣುತ್ತದೆ. ಪ್ರಶ್ನಾವಳಿಯೂ ಹಾಗೆ ಬಗ್ಗಿ ನೋಡುವ ಕಿಂಡಿ. ಕಿಂಡಿ ಬೇಕು, ಆದರೆ ಅದನ್ನೇ ಹರಿವೆಂದು ತಿಳಿಯಬಾರದು.

ಹಾಗಾದರೆ ಈ ಅಳತೆ ವ್ಯರ್ಥವೇ? ಅಲ್ಲವೆಂದು ನನ್ನದೇ ತಪ್ಪೊಂದು ಹೇಳುತ್ತದೆ. ನಾನು ಗಣಿತದ ಶಿಕ್ಷಕನಾಗಿದ್ದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಂತೆ ಆಟದ ಪಿರಿಯಡ್ಡನ್ನು ನಾನೇ ಕೇಳಿ ತೆಗೆದುಕೊಳ್ಳುತ್ತಿದ್ದೆ. ಒಮ್ಮೆ ಗಂಟೆ ಹೊಡೆದರೂ ಹುಡುಗರು ಖೋ-ಖೋ ಬಿಟ್ಟು ಬರಲಿಲ್ಲ. ಮೈದಾನಕ್ಕೆ ಹೋಗಿ, "ಕಿವಿ ಕೇಳಿಸುವುದಿಲ್ಲವೇ?" ಎಂದು ಗದರಿಸಿ, ಎಲ್ಲರನ್ನೂ ಬಿಸಿಲಲ್ಲಿ ನಿಲ್ಲಿಸಿದೆ. ಅವರಿಗೆ ನಿಜವಾಗಿಯೂ ಕೇಳಿಸಿರಲಿಲ್ಲ. ನನ್ನ ತರಗತಿಯಲ್ಲಿ ನಾನು ಬೇಡಿ ಬೇಡಿ ಪಡೆಯಲಾಗದ ಏಕಾಗ್ರತೆ ಅಲ್ಲಿ ತಾನಾಗಿಯೇ ಮೂಡಿತ್ತು. ನಾನದನ್ನು ಅವಿಧೇಯತೆ ಎಂದು ಬಗೆದೆ. ಇಂಥದೊಂದು ಪಟ್ಟಿಯನ್ನು ಅಂದು ಓದಿದ್ದರೆ ಆ ಲಕ್ಷಣಗಳ ಗುರುತು ಹತ್ತುತ್ತಿತ್ತು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ತಲ್ಲೀನತೆಯನ್ನು ಅಳೆಯಿರಿ, ಆದರೆ ಅದಕ್ಕೆ ರ‍್ಯಾಂಕ್ ಕೊಡಬೇಡಿ. ಅಂಕ ಕಡಿಮೆ ಬಂದರೆ ಮಗುವನ್ನಲ್ಲ, ಆಟವನ್ನು ತಿದ್ದಿರಿ. ಸವಾಲು ಅತಿಯಾದರೆ ಮಗು ಅಂಜುತ್ತದೆ, ತೀರ ಕಡಿಮೆಯಾದರೆ ಬೇಸರಿಸುತ್ತದೆ. ನಿಮ್ಮಲ್ಲಿ ಶಿಕ್ಷಕರಾಗಿರುವವರು ಆಟದ ಪಿರಿಯಡ್ಡನ್ನು ನನ್ನಂತೆ ಕಸಿಯಬೇಡಿ.

ತುಂಬಿದ ಪಟ್ಟಿಯನ್ನು ಹಿಂದಿರುಗಿಸುವಾಗ ಆ ಖೋ-ಖೋ ದಿನದ ಮಾತೆತ್ತಿದೆ. ಬಿಸಿಲಲ್ಲಿ ನಿಂತವರಲ್ಲಿ ಅವನೂ ಒಬ್ಬ. "ಬಿಸಿಲು ನೆನಪಿಲ್ಲ ಗುರುಗಳೇ, ಆಟ ಮಾತ್ರ ನೆನಪಿದೆ" ಎಂದು ನಕ್ಕ. ಅಂದು ನಿಂತ ಉಳಿದವರು ಇದನ್ನು ಓದುತ್ತಿದ್ದರೆ, ದಯವಿಟ್ಟು ನನ್ನನ್ನು ಕ್ಷಮಿಸಿ.