ಸಿಟ್ಟು ಸರಿ, ಎಫ್‌ಐಆರ್ ನಂಬರ್ ಎಲ್ಲಿ?



ಸ್ವಲ್ಪ ಕಹಿ ಮಾತು. ನಮ್ಮವರಿಗೇ ಹೇಳ್ತಾ ಇದೀನಿ. ಬೇಜಾರಾದ್ರೂ ಪೂರ್ತಿ ಓದಿ.

ಎಲ್ಲಾದ್ರೂ ದೌರ್ಜನ್ಯ ಆದ ತಕ್ಷಣ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತೆ: ಈ ಇಮೇಲ್ ಕಾಪಿ ಮಾಡಿ ಎಲ್ಲರೂ ಕಳಿಸಿ. ವಿಷಯದ ಜಾಗದಲ್ಲಿ "ನ್ಯಾಯ ಬೇಕು". ತಹಶೀಲ್ದಾರರಿಂದ ರಾಷ್ಟ್ರಪತಿವರೆಗೆ ಮೂವತ್ತು ವಿಳಾಸ. ಕಳಿಸಿ, ಸ್ಕ್ರೀನ್‌ಶಾಟ್ ಹಾಕಿ ಮಲಗ್ತೀವಿ.

ಆಮೇಲೆ ಏನಾಗುತ್ತೆ ಅಂತ ನಾನು ಹೇಳ್ತೀನಿ. ನಾನು ಗುಮಾಸ್ತ. ಬೆಳಿಗ್ಗೆ ಕಚೇರಿ ಮೇಲ್ ತೆರೆಯೋದು ಸಾಹೇಬರಲ್ಲ, ನನ್ನಂಥವರು. ಯಾವ ಕಚೇರಿ ಅಂತ ಕೇಳಬೇಡಿ. ಒಂದೇ ಒಕ್ಕಣೆಯ ಇನ್ನೂರು ಮೇಲ್ ಬಂದವು. ಒಂದನ್ನ ತೆರೆದರು, ಉಳಿದಿದ್ದನ್ನ ಒಟ್ಟಿಗೆ ಪಕ್ಕಕ್ಕೆ ಸರಿಸಿದರು. ತೆರೆದ ಒಂದರಲ್ಲೂ ಮನುವಾದಕ್ಕೆ ಧಿಕ್ಕಾರ ಇತ್ತು. ಊರು ಯಾವುದು, ಠಾಣೆ ಯಾವುದು, ಎಫ್‌ಐಆರ್ ನಂಬರ್ ಎಷ್ಟು, ಏನು ಮಾಡಬೇಕು, ಒಂದೂ ಇರಲಿಲ್ಲ. ಮೂವತ್ತು ಜನಕ್ಕೆ ಹೋದ ಪತ್ರ ಕಚೇರಿ ಭಾಷೆಯಲ್ಲಿ "ಮಾಹಿತಿಗಾಗಿ". ಅಂದ್ರೆ ಯಾರೂ ಏನೂ ಮಾಡಬೇಕಾಗಿಲ್ಲ.

ಅದೇ ವಾರ ಏಟು ತಿಂದ ಹುಡುಗನ ತಾಯಿ, ಅಣ್ಣನ ಮಗನ ಕೈಲಿ ನಾಲ್ಕು ಸಾಲು ಬರೆಸಿ ಒಬ್ಬರೇ ಅಧಿಕಾರಿಗೆ ಕಳಿಸಿದ್ರು. ವಿಷಯದಲ್ಲೇ ಎಫ್‌ಐಆರ್ ನಂಬರ್, ದಿನಾಂಕ, ಊರು, "7 ದಿನದೊಳಗೆ ಕೊಡಬೇಕಾದ ಪರಿಹಾರ ಬಂದಿಲ್ಲ". ಅವತ್ತೇ ಇನ್‌ವರ್ಡ್ ನಂಬರ್ ಬಿತ್ತು. ದುಡ್ಡು ಮರುದಿನವೇ ಬಂತು ಅಂತ ಸುಳ್ಳು ಹೇಳಲ್ಲ. ಆದ್ರೆ ಕಡತ ಹುಟ್ಟಿತು. ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಸಭೆಯಲ್ಲಿ ಆ ನಂಬರ್ ಹಿಡಿದು ಪ್ರಶ್ನೆ ಕೇಳೋಕಾಯ್ತು. ನಮ್ಮ ಇನ್ನೂರು ಮೇಲ್ ಹಿಡಿದು ಏನು ಕೇಳೋಣ?

ಹಾಗಂತ ಇನ್‌ಬಾಕ್ಸ್ ಜಾತ್ಯತೀತ ಅಂತ ನಾನು ಹೇಳ್ತಿಲ್ಲ. ದೊಡ್ಡ ಗುತ್ತಿಗೆದಾರನ ಮೇಲ್‌ನಲ್ಲಿ ವಿಷಯದ ಜಾಗ ಖಾಲಿ ಇರುತ್ತೆ. ಆದ್ರೂ ಅದೇ ಮೊದಲು ತೆರೆಯುತ್ತೆ. ಯಾಕಂದ್ರೆ ಮೇಲ್‌ಗಿಂತ ಮುಂಚೆ ಫೋನ್ ಬಂದಿರುತ್ತೆ. ಅವರ ಜಾತಿ, ದುಡ್ಡು, ನೆಂಟಸ್ತಿಕೆನೇ ಅವರ ಸಬ್ಜೆಕ್ಟ್ ಲೈನ್. ನಮ್ಮ ಪರವಾಗಿ ಫೋನ್ ಮಾಡೋರು ಯಾರಿದ್ದಾರೆ? ಅದಕ್ಕೇ ನಮ್ಮ ಮೇಲ್ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಓದದೆ ಬಿಟ್ಟರೆ ತನಗೇ ತೊಂದರೆ ಅಂತ ಓದುವವನಿಗೆ ಅನ್ನಿಸಬೇಕು.

ಆ ಬಲ ಕಾನೂನಿನಲ್ಲಿದೆ. 1989ರ ದೌರ್ಜನ್ಯ ತಡೆ ಕಾಯ್ದೆಯ ಸೆಕ್ಷನ್ 4ರ ಪ್ರಕಾರ, ಬೇಕಂತಲೇ ಕರ್ತವ್ಯ ಬಿಡುವ ಪರಿಶಿಷ್ಟರಲ್ಲದ ಸರ್ಕಾರಿ ನೌಕರನಿಗೆ 6 ತಿಂಗಳಿಂದ 1 ವರ್ಷ ಜೈಲು. 1995ರ ನಿಯಮಗಳಿಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ ತನಿಖೆ ಮುಗಿಸಿ ಚಾರ್ಜ್‌ಶೀಟ್ ಹಾಕೋಕೆ 60 ದಿನ, ತಕ್ಷಣದ ಪರಿಹಾರಕ್ಕೆ 7 ದಿನ. ಉಸ್ತುವಾರಿ ಸಮಿತಿ 3 ತಿಂಗಳಿಗೊಮ್ಮೆಯಾದ್ರೂ ಸೇರಲೇಬೇಕು. ಈ ಅಂಕಿಗಳನ್ನ ವಿಷಯದ ಸಾಲಿಗೆ ಹಾಕಿ. ಒಂದು ಮೇಲ್, ಒಬ್ಬ ಜವಾಬ್ದಾರ ಅಧಿಕಾರಿ, ಒಂದೇ ಬೇಡಿಕೆ. ಎರಡು ದಿನ ಬಿಟ್ಟು ಇನ್‌ವರ್ಡ್ ನಂಬರ್ ಕೇಳಿ. ಕೊಡಲಿಲ್ಲವಾ, 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಆಗ ಬೀದಿಗಿಳಿಯಿರಿ, ಕೈಯಲ್ಲಿ ಕಾಗದ ಹಿಡಿದು.

"ಕಾಗದ ಬರೆದು ಕ್ರಾಂತಿ ಆಗುತ್ತಾ?" ಅಂತಾರೆ. 1927ರಲ್ಲಿ ಬಾಬಾಸಾಹೇಬರು ಮಹಾಡದ ಚೌದಾರ್ ಕೆರೆಗೆ ಇಳಿದಾಗ ಬರೀ ಸಿಟ್ಟು ಹೊತ್ತು ಹೋಗಿರಲಿಲ್ಲ. ಅವರ ಹಿಂದೆ 1923ರ ಮುಂಬಯಿ ಶಾಸನ ಪರಿಷತ್ತಿನ ನಿರ್ಣಯ ಇತ್ತು, ಮಹಾಡ ಪುರಸಭೆಯ ನಿರ್ಣಯ ಇತ್ತು. ನೀರು ಮುಟ್ಟಿದ್ದು ಬೊಗಸೆ, ಹಕ್ಕು ಬರೆದಿದ್ದು ಕಾಗದದ ಮೇಲೆ. ಎರಡೂ ಬೇಕಿತ್ತು.

ಇನ್ನೊಂದು ಪ್ರಶ್ನೆ ಬರುತ್ತೆ: ಓದು ಬರಹ ಇಲ್ಲದ ತಾಯಿ ಸೆಕ್ಷನ್ ಕಲಿಯಬೇಕಾ? ಬೇಡ. ಆಕೆ ಬರೀ "ನನ್ನ ಮಗನ್ನ ಹೊಡೆದ್ರು" ಅಂತ ಬರೆಸಿದ್ರೂ ಓದೋದು ಅಧಿಕಾರಿಯ ಕೆಲಸ, ಅದಕ್ಕೇ ಸಂಬಳ. ಆದ್ರೆ ಮೀಸಲಾತಿಯಲ್ಲಿ ಓದಿ, ಕೈಯಲ್ಲಿ ಸ್ಮಾರ್ಟ್‌ಫೋನ್ ಹಿಡಿದ ನಾವು ಯಾಕಿದ್ದೀವಿ? ಠಾಣೆಗೆ ಹೋಗಿ ಆ ನಂಬರ್ ತರೋಕೆ ಅರ್ಧ ದಿನ ಸಾಕು. ಅದನ್ನ ಮಾಡದೆ ಫಾರ್ವರ್ಡ್ ಒತ್ತೋದು ಹೋರಾಟ ಅಲ್ಲ, ಸೋಮಾರಿತನ.

ಮುಂದಿನ ಸಲ ಇನ್ನೂರು ಜನ ಒಂದೇ ಮೇಲ್ ಕಳಿಸಬೇಡಿ. ಇನ್ನೂರು ಜನ ಇನ್ನೂರು ಕಡತ ಹುಟ್ಟಿಸಿ.

ಜೈ ಭೀಮ್.