ಹೊಸ ಯಂತ್ರ, ಹಳೆಯ ಕಿವುಡು

ರೈಲ್ವೆಯ ಕಾರ್ಮಿಕ ಸಂಘಗಳು ಪ್ರಗತಿಗೆ ಅಡ್ಡಗಾಲು ಹಾಕುತ್ತವೆ, ಸುರಕ್ಷತೆಯ ಮಾತೆಲ್ಲವೂ ಸಂಬಳ ಹೆಚ್ಚಿಸಿಕೊಳ್ಳುವ ನೆಪ ಎಂದು ಸಾರುವವರು ನಮ್ಮಲ್ಲಿ ಬಹುಮಂದಿ ಇರುವರು. ಅಂಥವರು ಅಮೇರಿಕೆಯ ಸಾನ್ ಫ್ರಾನ್ಸಿಸ್ಕೊ ಪ್ರದೇಶದ 'ಬಾರ್ಟ್' ರೈಲ್ವೆಯ ಚರಿತ್ರೆಯನ್ನು ಒಮ್ಮೆ ಅವಲೋಕಿಸಲಿ.

ಗಣಕಯಂತ್ರವೇ ಗಾಡಿಯನ್ನು ನಡೆಸುವುದೆಂಬ ಹೆಮ್ಮೆಯಿಂದ ಆ ರೈಲ್ವೆಯು 1972ನೆಯ ಇಸವಿ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಆ ಸ್ವಯಂಚಾಲಕ ವ್ಯವಸ್ಥೆಯು ನಂಬತಕ್ಕದ್ದಲ್ಲವೆಂದು ಅಲ್ಲಿಯ ಮೂವರು ಇಂಜಿನಿಯರರು ಮುಂಚಿತವಾಗಿಯೇ ಎಚ್ಚರಿಸಿದ್ದರು. ಅವರಿಗೆ ದೊರೆತ ಬಹುಮಾನವೇನು? ಅದೇ ವರ್ಷದ ಮಾರ್ಚಿಯಲ್ಲಿ ಕೆಲಸದಿಂದ ವಜಾ! ಅಕ್ಟೋಬರ್ 2ರಂದು ಫ್ರೀಮಾಂಟ್ ನಿಲ್ದಾಣದಲ್ಲಿ ಗಾಡಿಯೊಂದು ನಿಲ್ಲದೆ, ಹಳಿಯ ತುದಿಯನ್ನೇ ದಾಟಿ ನುಗ್ಗಿತು.

ನಾಲ್ವತ್ತೊಂದು ವರ್ಷಗಳು ಕಳೆದರೂ ಆ ಕಿವುಡು ಹೋಗಲಿಲ್ಲ. ಹಳಿಯ ಮೇಲೆ ದುಡಿಯುವವನು ತನ್ನ ಜೀವವನ್ನು ತಾನೇ ಕಾಯ್ದುಕೊಳ್ಳಬೇಕೆಂಬ ನಿಯಮವೊಂದು ಅಲ್ಲಿ ಜಾರಿಯಲ್ಲಿತ್ತು. ಬರುವ ಗಾಡಿಯು ವೇಗವನ್ನು ತಗ್ಗಿಸಬೇಕೆಂಬ ಕಟ್ಟಳೆ ಇರಲಿಲ್ಲ. 2008ರಲ್ಲಿ ಒಬ್ಬ ಕಾರ್ಮಿಕನು ಹಳಿಯ ಮೇಲೆ ಮಡಿದನು. ನಿಯಮವು ಮಾತ್ರ ಮಡಿಯಲಿಲ್ಲ.

2013ರಲ್ಲಿ ವಿವಾದವೆದ್ದಿತು. ಸುರಂಗಗಳಲ್ಲಿ ಸಾಕಷ್ಟು ದೀಪಗಳಿರಬೇಕೆಂಬುದು ಸಂಘಗಳ ಬೇಡಿಕೆಗಳಲ್ಲೊಂದು. ಹಳೆಯ ಕೆಲಸದ ಕಟ್ಟಳೆಗಳು ಹೊಸ ಉಪಕರಣಗಳಿಗೆ ಅಡ್ಡಿಯೆಂಬುದು ಆಡಳಿತದವರ ವಾದ. ಅಕ್ಟೋಬರ್ 18ರಂದು ಮುಷ್ಕರವು ಹೂಡಲ್ಪಟ್ಟಿತು. ಅದು ಮುಂದುವರಿದರೆ ಮೇಲಧಿಕಾರಿಗಳಿಂದಲೇ ಗಾಡಿ ಓಡಿಸುವ ಸಿದ್ಧತೆಯು ನಡೆಯಿತು. ಮರುದಿನ ವಾಲ್ನಟ್ ಕ್ರೀಕಿನ ಬಳಿ, ಅಭ್ಯಾಸಿಯೊಬ್ಬನು ಚಾಲಕಸ್ಥಾನದಲ್ಲಿದ್ದ ಗಾಡಿಯು, ಹಳಿಯನ್ನು ಪರೀಕ್ಷಿಸುತ್ತಿದ್ದ ಇಬ್ಬರನ್ನು ಬಲಿ ತೆಗೆದುಕೊಂಡಿತು. ಆ ಅಭ್ಯಾಸಿಗೆ ಕಲಿಸಬೇಕಾದವನು ಹಳಿ ಕಾಣದ ಪ್ರಯಾಣಿಕರ ಆಸನದಲ್ಲಿ ಕುಳಿತಿದ್ದನು! ಕೆಲವೇ ದಿನಗಳಲ್ಲಿ ಆ ನಿಯಮವು ರದ್ದಾಯಿತು. 2014ರಲ್ಲಿ ಸರಕಾರದ ಸುರಕ್ಷಾ ಇಲಾಖೆಯು 2,10,000 ಡಾಲರು ದಂಡ ವಿಧಿಸಿತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು.

ಸಂಘದವರು ನುಡಿದುದೆಲ್ಲ ವೇದವಾಕ್ಯವೆಂದು ನಾವು ಹೇಳುವುದಿಲ್ಲ. ಹಳೆಯ ರೂಢಿಯ ಹೆಸರಿನಲ್ಲಿ ಒಳ್ಳೆಯ ಯಂತ್ರವನ್ನು ತಡೆಯುವುದೂ ತಪ್ಪೇ. ಆದರೆ ಹಳಿಯ ಮೇಲೆ ನಿಂತವನಿಗೆ ಕಾಣುವ ಅಪಾಯವು ಕಛೇರಿಯ ಕುರ್ಚಿಗೆ ಕಾಣದು. ನೆಪವೆಂದು ತಳ್ಳಿಹಾಕಿದ ಮಾತು ನಿಜವಾದಾಗ ಬೆಲೆ ತೆರುವವನು ತಳ್ಳಿದವನಲ್ಲ.

ಈ ಮಾತು ನಮಗೆ ದೂರದ್ದಲ್ಲ. ಚಾಲಕನಿಲ್ಲದೆಯೂ ಓಡಬಲ್ಲ ಗಾಡಿಗಳು 2025ರ ಆಗಸ್ಟಿನಲ್ಲಿ ಬೆಂಗಳೂರಿನ ಮೆಟ್ರೋ ಹಳದಿ ಮಾರ್ಗಕ್ಕೆ ಇಳಿದಿವೆ. ಅವುಗಳನ್ನು ನಾವು ಹರ್ಷದಿಂದಲೇ ಸ್ವಾಗತಿಸುವೆವು. ಆದರೆ ಸುರಕ್ಷತೆಯ ನಿಯಮಗಳನ್ನು ರಚಿಸುವ ಮೇಜಿನ ಬಳಿ ಹಳಿ ಕಾಯುವವನಿಗೂ ಒಂದು ಪೀಠವಿರಲಿ. ಅವನ ಮಾತಿಗೆ ಬೆಲೆಯಿರಲಿ. ಯಂತ್ರವು ಹೊಸದಾದರೆ ಸಾಲದು. ಅದನ್ನು ಆಳುವವರ ಕಿವಿಯೂ ತೆರೆಯಬೇಕು.